ಮೇಲಿನ ಮನೆಯವನ ಕೂದಲು

ಕುರುಬರಹಳ್ಳಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡ ಕಡೆಯ ಹುಡುಗನಿಗೆ ಮೂವತ್ತಕ್ಕೇ ಕೂದಲು ಉದುರತೊಡಗಿತ್ತು. ಹಾರ್ಮೋನು ಹತೋಟಿಗೆ ಬರಲೆಂದು ಸಕ್ಕರೆ ಬಿಟ್ಟ, ಬೇಗ ಮಲಗತೊಡಗಿದ, ದಿನಾ ಬೆಳಿಗ್ಗೆ ಓಡಿದ. ಕಂಡಾಗಲೆಲ್ಲ ತಲೆ ಬಗ್ಗಿಸಿ, "ಆಂಟಿ, ಕೂದ್ಲ ಸ್ವಲ್ಪರ ನಿಂತಾವೇನ್ರಿ?" ಎನ್ನುತ್ತಿದ್ದ.

"ನಿಂತಿವೆ ಕಣಪ್ಪಾ" ಎನ್ನುತ್ತಿದ್ದೆ.

ಅವನಿಗೆ ತಂದೆತಾಯಿ ಇರಲಿಲ್ಲ. ಹಾಗಾಗಿ ವಿಜಯನಗರಕ್ಕೆ ಹೆಣ್ಣು ನೋಡಲು ಜೊತೆಗೆ ನಾನೇ ಹೋದೆ. ಹುಡುಗಿ ಬಂದು ಕೂತ ಕೂಡಲೇ ಅವನು ಹಾಕಿಕೊಂಡಿದ್ದ ಟೋಪಿ ತೆಗೆದ.

"ಮೊದ್ಲ ಇದನ್ನ ನೋಡಿಬಿಡ್ರಿ. ಏನ್ ಮಾಡಿದ್ರೂ ಇನ್ನೂ ಉದುರಬಹುದು. ನಮ್ಮಪ್ಪಂದೂ ಹಿಂಗ ಆಗಿತ್ತು."

 

"ನಿಮ್ಮಪ್ಪನ ಫೋಟೊ ಇದ್ಯಾ?" ಎಂದಳು ಹುಡುಗಿ.

ಅವನು ಮೊಬೈಲ್ ಕೊಟ್ಟ. ಬೋಳುತಲೆಯ ಮನುಷ್ಯ, ಬಾಯ್ತುಂಬ ನಗು. ಅವಳು ಬಹಳ ಹೊತ್ತು ನೋಡಿದಳು.

"ಎಷ್ಟ್ ಚೆನ್ನಾಗಿದಾರೆ! ನೀವೂ ಹೀಗೇ ಆದ್ರೆ ಆಗ್ಲಿ ಬಿಡಿ."

ಅವನು ಫೋನು ವಾಪಸು ಇಸಿದುಕೊಳ್ಳುವುದನ್ನೇ ಮರೆತು, ಕಣ್ಣೊರೆಸಿಕೊಳ್ಳುತ್ತ ಕೂತ.