ಎಂಟನೇ ಪಟ್ಟಾ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಗೆರೆ ಹಾಳೆಯ ಮೇಲೂ ಸಾಲು ಕೆಳಕ್ಕೆ ಜಾರುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟವಳು, ಚೆಂದದ ಮಾತುಗಳೂ ಬರುವುದಿಲ್ಲ. ನಮ್ಮ ಬಡಾವಣೆಯ ಗ್ರಂಥಾಲಯದ ಮೇಡಂ ಕೈಬರಹದ ಪತ್ರಿಕೆಗೆ ನಿಮ್ಮ ಮನೆಯವರೊಬ್ಬರ ವಿಷಯ ಬರೆದುಕೊಡು ಎಂದರು. ನಮ್ಮಪ್ಪನ ವಿಷಯ ಬರೆದಿದ್ದೇನೆ. ‘ನಾನು’, ‘ನಮ್ಮಪ್ಪ’ ಎಂದು ಬರೆಯಲು ಸಂಕೋಚವಾಗಿ ಅಪ್ಪನನ್ನು ದೇವಯ್ಯ ಎಂದೂ ನನ್ನನ್ನು ಮಗಳು ಎಂದೂ ಬರೆದಿದ್ದೇನೆ. ಕಥೆಯ ಹಾಗೆ ಏಕವಚನದಲ್ಲಿದೆ, ಅಪ್ಪ ಒಪ್ಪಿದ್ದಾರೆ. ನನಗೆ ಗೊತ್ತಿಲ್ಲದ್ದನ್ನು ಅವರನ್ನೇ ಕೇಳಿಕೊಂಡೆ. ಒಬ್ಬರ ಹೆಸರನ್ನು ಮಾತ್ರ ಬದಲಾಯಿಸಿದ್ದೇನೆ, ಅವರಿಗೆ ಬೇಸರವಾಗಬಾರದು.

ಕೆಸರೆಯ ದೇವಯ್ಯನಿಗೆ ಈಗ ಐವತ್ತಮೂರು. ಅದರಲ್ಲಿ ಇಪ್ಪತ್ತು ವರ್ಷ ಪಿಕಪ್ ಗಾಡಿಯ ಸೀಟಿನ ಮೇಲೆಯೇ ಕಳೆದುಹೋಗಿದೆ. ಮೊದಲ ಹದಿನಾಲ್ಕು ವರ್ಷ ಅವನು ಹೊಡೆದದ್ದು ಇಟ್ಟಿಗೆ, ಮರಳು, ಸಿಮೆಂಟ್ ಬ್ಲಾಕು. ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಅವಕ್ಕೆ ಪಟ್ಟಾ ಎನ್ನುತ್ತಾರೆ. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಕಂಪನಿಯಿಂದ ಬರುವಾಗ ಆ ಗಾಡಿಗೆ ಏಳು ಪಟ್ಟಾ. ಬ್ಲಾಕಿನ ಲೋಡಿಗೆ ಏಳು ಸಾಲದೆಂದು ದೇವಯ್ಯ ಎರಡೂ ಕಡೆ ಎಂಟನೆಯದನ್ನು ಸೇರಿಸಿದ. ಅಂದಿನಿಂದ ಕೆಸರೆಯ ಪಿಕಪ್ ಸ್ಟ್ಯಾಂಡಿನಲ್ಲಿ ಅವನ ಹೆಸರು ‘ಎಂಟು ಪಟ್ಟಾ ದೇವಯ್ಯ’. ಬೇರೆಯವರು ಎರಡು ಟ್ರಿಪ್ ಹೊಡೆಯುವ ಬ್ಲಾಕನ್ನು ಅವನು ಒಂದೇ ಟ್ರಿಪ್ಪಿಗೆ ಮುಗಿಸುತ್ತಿದ್ದ. ಬಾಡಿಗೆಗೆ ಕರೆಯುವ ಪಾರ್ಟಿಗಳು ಬಂದರೆ, “ಎಲ್ಲಿ ನಿಮ್ಮ ಎಂಟು ಪಟ್ಟಾ?” ಎಂದೇ ಕೇಳುತ್ತಿದ್ದರು.

ಆರು ವರ್ಷದ ಹಿಂದೆ ಸೊಂಟದ ಡಿಸ್ಕು ಜಾರಿತು. ಮೂರು ತಿಂಗಳು ಚಾಪೆ ಹಿಡಿದ. ಎದ್ದಾಗ ಡಾಕ್ಟರು, “ಭಾರ ಎತ್ತಬೇಡ, ಕುಲುಕಾಟ ಬೇಡ” ಎಂದರು. ಕುಲುಕಾಟ ಬೇಡ ಎಂದರೆ ಡ್ರೈವರ್ ಏನು ಮಾಡಬೇಕು? ಅವನ ಹೆಂಡತಿ ಇಂದ್ರಮ್ಮ ಮನೆಯ ಹಿಂದೆ ಶೀಟು ಹೊದಿಸಿ ಒಲೆ ಹಚ್ಚಿದಳು. ಕಡಕೊಳದ ಒಂದು ಸಣ್ಣ ಕಾರ್ಖಾನೆಯ ನೂರಿಪ್ಪತ್ತು ಜನರಿಗೆ ಮಧ್ಯಾಹ್ನದ ಊಟ. ಅವಳು ಬೇಯಿಸುತ್ತಾಳೆ, ಅವನು ರಿಂಗ್ ರಸ್ತೆ ಹಿಡಿದು ನಂಜನಗೂಡು ರಸ್ತೆಗೆ ಸೇರಿ ಮುಟ್ಟಿಸುತ್ತಾನೆ. ಕಾಲೇಜು ಬಿಟ್ಟ ಮೇಲೆ ಮಗಳೂ ಬಡಿಸುವುದಕ್ಕೆ ಜೊತೆಗೆ ಹೋಗುತ್ತಾಳೆ. ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ, ಪಾತ್ರೆಯ ತೂಕ ಎಲ್ಲ ಸೇರಿದರೂ ಮುನ್ನೂರು ಕೆ.ಜಿ. ಆಗದು. ಒಂದೂವರೆ ಟನ್ನು ಹೊತ್ತ ಗಾಡಿಗೆ ಅದು ಯಾವ ಲೆಕ್ಕ? ಆದರೂ ಎಂಟನೇ ಪಟ್ಟಾ ಇದ್ದಲ್ಲೇ ಇತ್ತು. ಅದನ್ನು ತೆಗೆಸುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಈ ಸಲದ ದಸರಾ ಕಳೆದ ಮೇಲೆ ಒಂದು ಮಂಗಳವಾರ, ಕಾರ್ಖಾನೆಯ ಗೇಟಿನ ಮುಂದಿನ ರಸ್ತೆ ಹಂಪಿನಲ್ಲಿ ಗಾಡಿ ಕುಣಿದ ಕುಣಿತಕ್ಕೆ ಸಾಂಬಾರಿನ ಪಾತ್ರೆಯ ಮುಚ್ಚಳ ಹಾರಿತು. ಅರ್ಧ ಪಾತ್ರೆ ಗಾಡಿಯ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಹಾಗೆ, ಅವತ್ತು ಎರಡನೇ ಪಂಕ್ತಿಯವರು ಬರೀ ಮಜ್ಜಿಗೆ ಕಲಸಿಕೊಂಡು ಉಂಡರು. ಕ್ಯಾಂಟೀನ್ ನೋಡಿಕೊಳ್ಳುವವರು, “ದೇವಯ್ಯ, ಇದು ಮೂರನೇ ಸಲ. ಇನ್ನೊಂದು ಸಲ ಆದ್ರೆ ನಾನು ಬೇರೆ ಊಟ ನೋಡ್ಕೋಬೇಕಾಗ್ತದೆ” ಎಂದರು. ಜೋರಾಗೇನೂ ಹೇಳಲಿಲ್ಲ. ಜೋರಾಗಿ ಹೇಳಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದಾಗ ಇಂದ್ರಮ್ಮ ಗಾಡಿಯ ತಳವನ್ನು ನೋಡಿ, “ನಾಲ್ಕು ಗಂಟೆಗೆ ಎದ್ದು ರುಬ್ಬಿದ ಮಸಾಲೇನ ಗಾಡಿ ಕುಡೀತಾ?” ಎಂದು ಕೇಳಿದಳಷ್ಟೆ. ಆಮೇಲೆ ಬಕೆಟ್ ತಂದು ತೊಳೆದಳು.

ಮಾರನೆಯ ದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವಾಗೀಶ ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಗಾಡಿ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು.

“ಒಂದೇ ಸಲ ಎದ್ದು ನಿಂತ್ಕೋಬೇಕು ಕಣಣ್ಣ. ಇದು ಗಾಡಿ ಅಲ್ಲ, ತೊಟ್ಟಿಲು. ಶಾಕಪ್ ನಾಲ್ಕೂ ಹೋಗ್ಬುಟ್ಟವೆ, ಆಯಿಲ್ ಸೋರಿ ಒಣಗ್ಬುಟ್ಟದೆ. ಹೊಸದು ತನ್ನಿ. ಆದ್ರೆ ಒಂದು ಮಾತು. ಪಟ್ಟಾ ಭಾರ ಹೊರ್ತದೆ, ಶಾಕಪ್ಪು ಕುಣಿತ ನಿಲ್ಲಿಸ್ತದೆ. ಮೇಲೆ ಭಾರಾನೇ ಇಲ್ದಿದ್ರೆ ಎಂಟು ಪಟ್ಟಾ ಬಗ್ಗೋದೇ ಇಲ್ಲ, ಒದೀತದೆ. ಮೊದಲು ಆ ಎಂಟನೇದು ತೆಗ್ಸಿ.”

“ಅದು ಇರ್ಲಿ ಬುಡು,” ಎಂದ ದೇವಯ್ಯ.

“ಏನ್ ಬ್ಲಾಕ್ ಹೊಡೀತೀರಾ ಇನ್ನ?”

“ಇರ್ಲಿ ಬುಡು ಅಂದ್ನಲ್ಲಪ್ಪ.”

ದೇವಯ್ಯನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಸೊಂಟ ಹೋಯಿತು, ಲೋಡು ಹೋಯಿತು, ಆ ಹೆಸರೊಂದು ಉಳಿದಿದೆ. ಅದನ್ನೂ ಬಿಚ್ಚಿಟ್ಟು ಸ್ಟ್ಯಾಂಡಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಬಿಡಿಭಾಗದ ಅಂಗಡಿಯ ಮಹದೇವಸ್ವಾಮಿ ಮೇಜಿನ ಮೇಲೆ ಮೂರು ಬಗೆ ಶಾಕಪ್ ಇಟ್ಟರು. ಒಂದು ಕಂಪನಿಯವರು ಹಾಕುವಂಥದೇ ಸಾದಾ ಎಣ್ಣೆಯದು, ಕಪ್ಪು ಬಣ್ಣ. ಇನ್ನೊಂದು ಗ್ಯಾಸ್ ತುಂಬಿದ್ದು, ಹಳದಿ, ತೋಳಿನಷ್ಟು ದಪ್ಪ, ಕೈಯಿಂದ ಅದುಮಿದರೆ ಜಗ್ಗುವುದೇ ಇಲ್ಲ. ಮೂರನೆಯದು ಹಳೆಯದಕ್ಕೆ ಎಣ್ಣೆ ತುಂಬಿಸಿ ಬಣ್ಣ ಬಳಿದದ್ದು. ಅದನ್ನು ಅವರೇ ಪಕ್ಕಕ್ಕೆ ಸರಿಸಿದರು. “ಇದು ಮೂರು ತಿಂಗಳಿಗೆ ಕಣ್ಣೀರು ಹಾಕ್ತದೆ, ಬೇಡ. ನಿಮ್ದು ಎಂಟು ಪಟ್ಟಾ ಗಾಡಿ. ನಿಮ್ಗೆ ಈ ಹಳದಿದೇ ಸರಿ.”

ದೇವಯ್ಯ ಹಳದಿಯದನ್ನು ಎತ್ತಿ ನೋಡಿದ, ಕಪ್ಪನ್ನು ಎತ್ತಿ ನೋಡಿದ. “ನಾಳೆ ಬರ್ತೀನಿ” ಎಂದ. ಮಾರನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಮಹದೇವಸ್ವಾಮಿ ನಕ್ಕುಬಿಟ್ಟರು. “ಏನ್ರೀ ದೇವಯ್ಯ, ಮಗಳಿಗೆ ಗಂಡು ನೋಡೋದಕ್ಕೂ ಇಷ್ಟು ಯೋಚ್ನೆ ಮಾಡಲ್ವೇನೋ ನೀವು!” ಪಕ್ಕದಲ್ಲಿದ್ದ ಮಗಳು ನೆಲ ನೋಡಿದಳು.

ಸ್ಟ್ಯಾಂಡಿನಲ್ಲಿ ಸಣ್ಣಮಾದಯ್ಯ ಎಂಬವನಿದ್ದಾನೆ. ದೇವಯ್ಯನ ಓರಗೆಯವನು, ಒಟ್ಟಿಗೇ ಲೈಸೆನ್ಸು ಮಾಡಿಸಿದವರು. ಅವನ ಗಾಡಿಗೂ ಎಂಟು ಪಟ್ಟಾ, ಅವನು ಇವತ್ತಿಗೂ ಬ್ಲಾಕೇ ಹೊಡೆಯುತ್ತಾನೆ. ವರ್ಷದ ಹಿಂದೆ ಹಳದಿ ಶಾಕಪ್ ಹಾಕಿಸಿದಾಗಿನಿಂದ ಅದರ ಗುಣಗಾನ ಕೇಳದೆ ಯಾರಿಗೂ ಟೀ ಇಳಿಯುವ ಹಾಗಿಲ್ಲ.

“ಅಂಗಡೀಲಿ ಅದುಮಿ ನೋಡಿದ್ರೆ ಏನ್ ಗೊತ್ತಾಗ್ತದೆ ಕಣೋ? ನನ್ ಗಾಡಿ ತಗೊಂಡೋಗು. ಒಂದು ಟ್ರಿಪ್ ಬದಲಿ.”

ಇದು ಆ ಸ್ಟ್ಯಾಂಡಿನ ಹಳೆಯ ಪದ್ಧತಿ. ಯಾರೇ ಟೈರೋ ಬ್ರೇಕೋ ಹೊಸದಾಗಿ ಹಾಕಿಸುವ ಮೊದಲು, ಅದಿರುವ ಗಾಡಿಯನ್ನು ಒಂದು ಟ್ರಿಪ್ ಓಡಿಸಿ ನೋಡುತ್ತಾರೆ. ತನ್ನ ಬೀಗದ ಕೈ ಕೊಟ್ಟು ಅವನದನ್ನು ಇಸಿದುಕೊಳ್ಳುವುದು. ಡೀಸೆಲ್ ಅವರವರದು, ಮಾತಿಲ್ಲ.

ಮುಂದಿನ ವಾರ ಗುರುವಾರ ಸಣ್ಣಮಾದಯ್ಯನ ಗಾಡಿಗೆ ಪಾತ್ರೆಗಳನ್ನು ಏರಿಸಿದರು. ಹೊರಡುವ ಮೊದಲು ಮಗಳು ಸೌಟಿನ ಹಿಡಿಯನ್ನು ಸಾಂಬಾರಿಗೆ ಇಳಿಸಿ ಎಲ್ಲಿಯವರೆಗೆ ನೆನೆಯಿತು ಎಂದು ನೋಡಿಕೊಂಡಳು. ಕಡಕೊಳದಲ್ಲಿ ಮತ್ತೆ ಇಳಿಸಿ ನೋಡಿದಳು. ಎಷ್ಟಿತ್ತೋ ಅಷ್ಟೇ ಇತ್ತು. ಮುಚ್ಚಳದ ಅಂಚಿಗೂ ತಾಗಿರಲಿಲ್ಲ.

“ಅಪ್ಪ, ಒಂದು ತೊಟ್ಟೂ ಚೆಲ್ಲಿಲ್ಲ.”

ದೇವಯ್ಯ ತಲೆಯಾಡಿಸಿದ. ಮುಗಿಯಿತು, ಹಳದಿಯದೇ. ಕಾರ್ಖಾನೆಯ ಊಟ ಕೈಬಿಟ್ಟು ಹೋಗುವುದಿಲ್ಲ.

ವಾಪಸು ಬರುವಾಗ ಪಾತ್ರೆಗಳು ಖಾಲಿ. ಕೆಸರೆಯಿಂದ ಕಡಕೊಳಕ್ಕೆ ಮೂವತ್ತೊಂದು ಹಂಪುಗಳಿವೆ, ಮಗಳು ಎಣಿಸಿದ್ದಾಳೆ. ಮೊದಲನೆಯದರಲ್ಲಿ ಕೆಳಗಿನಿಂದ ಯಾರೋ ಸೀಟಿಗೆ ಒನಕೆಯಿಂದ ಹೊಡೆದ ಹಾಗಾಯಿತು. ಕುಣಿತವೇನೂ ಇಲ್ಲ, ಒಂದೇ ಏಟು. ಆದರೆ ಆ ಏಟು ನೇರ ಸೊಂಟಕ್ಕೆ. ಎರಡನೆಯದಕ್ಕೆ ದೇವಯ್ಯ ಹಲ್ಲು ಕಚ್ಚಿದ. ಒಂಬತ್ತನೆಯದಕ್ಕೆ ಅವನ ಎಡಗೈ ಸ್ಟೇರಿಂಗ್ ಬಿಟ್ಟು ಬೆನ್ನಿಗೆ ಹೋಯಿತು. ರಿಂಗ್ ರಸ್ತೆಯಲ್ಲಿ ಒಂದು ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದ.

“ಬಟ್ಟೆಗಿಟ್ಟೆ ಏನಾದ್ರೂ ಇದ್ದದಾ ನೋಡು ಮಗ, ಬೆನ್ನಿಗೆ ಮಡಚಿಟ್ಕೋತೀನಿ.”

ಮಗಳು ಸೀಟಿನ ಕೆಳಗೆ ಕೈ ಹಾಕಿದಳು. ಗೋಣಿ ತುಂಡಿನೊಳಗೆ ಸುತ್ತಿಟ್ಟಿದ್ದ ಒಂದು ವಸ್ತು ಬಂತು. ಸೊಂಟಕ್ಕೆ ಕಟ್ಟುವ ಅಗಲವಾದ ಪಟ್ಟಿ, ಆಸ್ಪತ್ರೆಯಲ್ಲಿ ಕೊಡುವಂಥದು. ಎಲಾಸ್ಟಿಕ್ ಸಡಿಲವಾಗಿ ಅಂಚಿನ ದಾರ ಎದ್ದಿತ್ತು, ಒಳಬದಿ ಬೆವರಿಗೆ ಕಪ್ಪಾಗಿತ್ತು. ಜೊತೆಯಲ್ಲಿ ಬಾಲದವರೆಗೆ ಹಿಂಡಿ ಸುರುಳಿ ಸುತ್ತಿದ ನೋವಿನ ಮುಲಾಮಿನ ಟ್ಯೂಬು.

ಇಂಥದೇ ಒಂದು ಪಟ್ಟಿ ಮನೆಯಲ್ಲಿ ದೇವಯ್ಯನ ಟ್ರಂಕಿನ ಮೇಲೂ ಇದೆ. ಅವನು ಅದನ್ನು ಅಂಗಿಯ ಒಳಗೆ ಕಟ್ಟುತ್ತಾನೆ, ಸ್ಟ್ಯಾಂಡಿಗೆ ಹೋಗುವ ಮೊದಲು ಬಿಚ್ಚುತ್ತಾನೆ. ತಾನೊಬ್ಬನೇ ಹಾಗೆ ಮಾಡುವವನು ಎಂದುಕೊಂಡಿದ್ದ.

“ಇದ್ದಂಗೇ ಸುತ್ತಿಡವ್ವ,” ಎಂದ. ಮಗಳು ಯಾವ ಮಡಿಕೆ ಒಳಗಿತ್ತು, ಯಾವುದು ಹೊರಗಿತ್ತು ಎಂದು ನೆನಪು ಮಾಡಿಕೊಂಡು ಹಾಗೆಯೇ ಸುತ್ತಿಟ್ಟಳು. ಟ್ಯೂಬಿನ ಮೂತಿ ಬಾಗಿಲ ಕಡೆಗಿತ್ತು, ಹಾಗೆಯೇ ಇಟ್ಟಳು.

ಸ್ಟ್ಯಾಂಡಿನಲ್ಲಿ ಸಣ್ಣಮಾದಯ್ಯ ಕಾಯುತ್ತಿದ್ದ. “ಎಂಗೆ? ಆನೆ ಮೇಲೆ ಕೂತಂಗೆ ಇರ್ಲಿಲ್ವಾ?”

“ಸಾಂಬಾರು ಒಂದು ತೊಟ್ಟು ಚೆಲ್ಲಲಿಲ್ಲ ಕಣೋ.”

“ನಾ ಹೇಳ್ಲಿಲ್ವಾ!”

“ಖಾಲಿ ಬರೋವಾಗ ಎಂಗೆ ಓಡಿಸ್ತೀಯ ಇದ್ನ?”

“ಏನಿಲ್ಲ ಬುಡೋ,” ಎಂದು ಸಣ್ಣಮಾದಯ್ಯ ಬೀಗದ ಕೈ ಇಸಿದುಕೊಂಡ. “ಅಭ್ಯಾಸ ಆಗ್ಬುಟ್ಟದೆ.”

ಅವತ್ತು ದೇವಯ್ಯ ಮನೆಗೆ ಬಂದವನೇ ನೆಲದ ಮೇಲೆ ಮಲಗಿ, ಕಾಲುಗಳನ್ನು ಕುರ್ಚಿಯ ಮೇಲಿಟ್ಟುಕೊಂಡ. ಇಂದ್ರಮ್ಮ ಅವನ ಪಕ್ಕದಲ್ಲೇ ಕುಳಿತು ನಾಳೆಯ ಬೀನ್ಸು ಮುರಿಯತೊಡಗಿದಳು.

“ಯಾವ್ದು ಅಂತ ಆಯ್ತು?”

“ಹಳದಿದ್ರಲ್ಲಿ ಸಾಂಬಾರು ಚೆಲ್ಲಲ್ಲ.”

“ಸಾಂಬಾರು ಬುಡಿ. ನೀವು ಚೆಲ್ಲೋದ್ರೆ ತುಂಬ್ಕೊಳ್ಳೋರು ಯಾರು?”

ದೇವಯ್ಯ ಮೇಲಿನ ಶೀಟನ್ನು ನೋಡುತ್ತಿದ್ದ. “ಅವನೂ ಕಟ್ತಾನೆ ಕಣಮ್ಮಿ, ಸೊಂಟಕ್ಕೆ,” ಎಂದ. ಇಂದ್ರಮ್ಮ ಬೀನ್ಸು ಮುರಿಯುವುದನ್ನು ನಿಲ್ಲಿಸಿದಳು. “ಎಂಟು ಪಟ್ಟಾ ಎಂಟು ಪಟ್ಟಾ ಅಂತ ಇಬ್ರೂ ಮೆರೆದೋ. ಒಳಗೊಂದು ಒಂಬತ್ತನೇದು ಕಟ್ಕೊಂಡು.” ಎಂದು ದೇವಯ್ಯ ನಕ್ಕ. ನಕ್ಕರೂ ಬೆನ್ನು ನೋಯಿತು.

ಭಾನುವಾರ ದೇವಯ್ಯ ಮಹದೇವಸ್ವಾಮಿಯವರ ಅಂಗಡಿಯಿಂದ ಕಪ್ಪು ಶಾಕಪ್ ನಾಲ್ಕನ್ನು ತಂದು ವಾಗೀಶನ ಮುಂದಿಟ್ಟ. “ಎಂಟನೇದು ತೆಗ್ದುಬುಡಪ್ಪ” ಎಂದು ಹೇಳಿ ತಾನು ರಸ್ತೆಯ ಆಚೆ ಹೋಗಿ ನಿಂತ. ಪಟ್ಟಾಗಳ ನಡುವಿನ ಬೋಲ್ಟು ತುಕ್ಕು ಹಿಡಿದು ಬಿಚ್ಚಲಿಲ್ಲ. ಕತ್ತರಿಸಬೇಕಾಯಿತು. ಉಕ್ಕು ನೆಲಕ್ಕೆ ಬಿದ್ದ ಸದ್ದು ರಸ್ತೆಯಾಚೆಗೂ ಕೇಳಿತು. ಸಂಜೆಗೆ ಎಲ್ಲ ಮುಗಿದ ಮೇಲೆ ವಾಗೀಶ ಹಿಂಭಾಗವನ್ನು ಅದುಮಿ ಬಿಟ್ಟ. ಗಾಡಿ ಒಂದು ಸಲ ಎದ್ದು, ನಿಂತಿತು. ಹಿಂದಿಗಿಂತ ಎರಡು ಬೆರಳಿನಷ್ಟು ತಗ್ಗಿತ್ತು.

ಸೋಮವಾರ ಸಾಂಬಾರು ಮುಚ್ಚಳಕ್ಕೆ ತಾಗಿತ್ತು, ಚೆಲ್ಲಿರಲಿಲ್ಲ. ಬರುವಾಗ ಮೂವತ್ತೊಂದು ಹಂಪಿನಲ್ಲಿ ದೇವಯ್ಯನ ಕೈ ಬೆನ್ನಿಗೆ ಹೋದದ್ದು ನಾಲ್ಕು ಸಲ. ಮಗಳು ಎಣಿಸಿದಳು.

ಸ್ಟ್ಯಾಂಡಿನಲ್ಲಿ ಎಲ್ಲರ ಕಣ್ಣು ಮೊದಲು ಗಾಡಿಯ ಹಿಂದಕ್ಕೇ ಹೋಯಿತು. “ಏನ್ ದೇವಯ್ಯ, ಗಾಡಿ ಅಂಡು ಇಳಿದದೆ?” ಎಂದು ಒಬ್ಬ ಕೇಳಿದ.

“ಇನ್ಮೇಲೆ ಏಳೇ ಕಣ್ರಯ್ಯ.”

ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಣ್ಣಮಾದಯ್ಯ. “ಮುಗೀತು ಬುಡು. ಇನ್ನು ನೀನು ಬರೀ ಸಾಂಬಾರು ದೇವಯ್ಯ!” ದೇವಯ್ಯನೂ ನಕ್ಕ. ಸೀಟಿನ ಕೆಳಗಿನ ಗೋಣಿ ತುಂಡು ನೆನಪಿಗೆ ಬಂತು. ಒಂದು ಮಾತು ಅಂದಿದ್ದರೆ ನಗು ಆ ಕಡೆಗೆ ತಿರುಗುತ್ತಿತ್ತು. ಅವನು ಅನ್ನಲಿಲ್ಲ.

ಅವತ್ತೇ ಸಂಜೆ ಸಣ್ಣಮಾದಯ್ಯ ಮನೆಗೆ ಬಂದ. ಜಗುಲಿಯ ಮೇಲೆ ಕೂರುವಾಗ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೂತ. ಟೀ ಕುಡಿದ. ಮೂಲೆಗೆ ಒರಗಿಸಿಟ್ಟಿದ್ದ ಎರಡು ಹಳೆಯ ಪಟ್ಟಾಗಳನ್ನು ನೋಡಿದ.

“ಗುಜರಿಗೆ ಹಾಕ್ಲಿಲ್ವಾ?”

“ಇನ್ನೂ ಇಲ್ಲ.”

“ಖಾಲಿ ಬರೋವಾಗ ಈಗ ಎಂಗದೆ?”

“ನೋವು ಹೋಗಿಲ್ಲ ಕಣೋ. ಏಟು ಹೋಯ್ತು.”

ಸಣ್ಣಮಾದಯ್ಯ ಲೋಟ ಕೆಳಗಿಟ್ಟ. ಗೋಡೆ ಹಿಡಿದುಕೊಂಡು ಎದ್ದು ಹೊರಟ. ಜಗುಲಿಯ ತುದಿಯವರೆಗೆ ಹೋದ ದೇವಯ್ಯ, “ವಾಗೀಶ ಭಾನುವಾರಾನೂ ಇರ್ತಾನೆ,” ಎಂದ. ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವನ ಗಾಡಿ ಇವತ್ತಿಗೂ ಎಂಟು ಪಟ್ಟಾದ ಮೇಲೆಯೇ ನಿಂತಿದೆ.

ಅಪ್ಪನ ವಿಷಯ ಇಷ್ಟೇ. ಪಟ್ಟಾ ಬಿಚ್ಚಿ ಕಟ್ಟಿದ ಮೇಲೆ, ಐನೂರು ಕಿಲೋಮೀಟರ್ ಓಡಿದಾಗ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿಸಬೇಕೆಂದು ವಾಗೀಶಣ್ಣ ಹೇಳಿದ್ದಾರೆ. ಇವತ್ತಿಗೆ ನಾನೂರ ಹನ್ನೆರಡು ಆಗಿದೆ. ಗುರುವಾರ ಐನೂರು ತುಂಬುತ್ತದೆ. ಗುರುವಾರ ಖಾಲಿ ಪಾತ್ರೆಗಳನ್ನು ಮನೆಯಲ್ಲಿ ಇಳಿಸಿದ ಮೇಲೆ, ನಾನು ಅಪ್ಪನನ್ನು ನೇರವಾಗಿ ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತೇನೆ.