ಮೇಲಿದ್ದ ಹದಿಮೂರು ಜನ

ಇಂಗ್ಲೆಂಡಿನ ಲೆಸ್ಟರಿನ ಕಾಲುಚೀಲದ ಕಾರ್ಖಾನೆಯಲ್ಲಿ ವರ್ನಿಸ್ ಪಿನಕ್ ನನ್ನ ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದಳು. ಅವಳ ತಾಯಿ ಇಸಿಲ್ಡಾ ಅಲ್ಲೇ ಕ್ಯಾಂಟೀನಿನಲ್ಲಿ ಅಡುಗೆಯವರು. ಚರ್ಚಿನ ಹಾಡು ಬಿಟ್ಟು ಬೇರೆ ಹಾಡು ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ವರ್ನಿಸ್ ತಾನು ಸೋಲ್ ಸಂಗೀತದ ಬ್ಯಾಂಡಿನಲ್ಲಿ ಹಾಡುವುದನ್ನು ತಾಯಿಯಿಂದ ಮೂರು ವರ್ಷ ಮುಚ್ಚಿಟ್ಟಿದ್ದಳು. ಹಲ್ಲುನೋವೆಂದು ರಜೆ ಹಾಕಿ ಲಂಡನ್ನಿಗೆ ಹೋಗಿ ರೆಕಾರ್ಡಿಂಗ್ ಮುಗಿಸಿ ಬಂದಿದ್ದಳು.

೧೯೭೪ರ ಒಂದು ಮಂಗಳವಾರ, ಊಟದ ಹೊತ್ತಿನಲ್ಲಿ ರೇಡಿಯೊದಲ್ಲಿ ವಾರದ ಜನಪ್ರಿಯ ಹಾಡುಗಳ ಪಟ್ಟಿ ಓದಿದರು. ಹದಿನಾಲ್ಕನೆಯದು ವರ್ನಿಸ್ ಬ್ಯಾಂಡಿನ ಹಾಡು!

"ವರ್ನಿಸ್, ನಿಂದೇ ಕಣೇ ದನಿ!" ಎಂದು ನಾವೆಲ್ಲ ಮೇಜು ಬಡಿದೆವು.

ಇಸಿಲ್ಡಾ ಸೌಟು ಹಿಡಿದೇ ಹೊರಗೆ ಬಂದರು. ಹಾಡು ಮುಗಿಯುವವರೆಗೂ ರೇಡಿಯೊ ಪಕ್ಕದಲ್ಲೇ ನಿಂತು ಕೇಳಿ, ಆಮೇಲೆ ಮಗಳ ಕಡೆ ತಿರುಗಿದರು.

"ಹಲ್ಲುನೋವು ಅಂದಿದ್ದು ಇದಕ್ಕೇನೇ?"

"ತಪ್ಪಾಯ್ತಮ್ಮ."

"ತಪ್ಪಿನ ವಿಚಾರ ಆಮೇಲೆ. ನಿನಗಿಂತ ಮೇಲಿರೋ ಆ ಹದಿಮೂರು ಜನ ಯಾರು? ಅವರೇನು ನಿನಗಿಂತ ಚೆನ್ನಾಗಿ ಹಾಡ್ತಾರಾ?"

ವರ್ನಿಸ್ ಬೆಂಚಿನ ಮೇಲೆ ಕುಸಿದು ಕೂತು ಜೋರಾಗಿ ನಕ್ಕಳು. ಅವಳು ಹಾಗೆ ಮನಸಾರೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಹಾಡು ಒಂಬತ್ತಕ್ಕೇರಿತು. ಇಸಿಲ್ಡಾ ಅದರ ಎರಡು ರೆಕಾರ್ಡು ಕೊಂಡು ತಂದರು. ಹಾಕಿ ಕೇಳಲು ಮನೆಯಲ್ಲಿ ಪ್ಲೇಯರ್ ಇರಲಿಲ್ಲ.