ಅಕ್ಕಿ ಹೆಚ್ಚಾದ ಇಂಗ್ಲಿಷು

ಗೋಕಾಕದಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದರೂ ಬಿಕಮ್, ಗೆಟ್, ಗೋ, ಟರ್ನ್ ಎದುರಾದರೆ ನನಗೆ ಒಳಗೊಳಗೇ ಅಳುಕು. ಆ ಭಾಷೆಯಲ್ಲಿ ಮನುಷ್ಯ ಮೇಷ್ಟ್ರಾಗಲು ಒಂದು ಕ್ರಿಯಾಪದ, ದಣಿವಾಗಲು ಇನ್ನೊಂದು, ಹುಚ್ಚನಾಗಲು ಮತ್ತೊಂದು. ಎಲೆ ಹಳದಿಯಾಗಲು ಬೇರೆಯದೇ. ನಮ್ಮ ‘ಆಗು’ ಪಾಪ, ಹಿರಿ ಸೊಸೆಯ ಹಾಗೆ ಮನೆಗೆಲಸವನ್ನೆಲ್ಲ ಒಂದೇ ನಿಭಾಯಿಸುತ್ತದೆ.

ಈ ಅಳುಕನ್ನು ಬಚ್ಚಿಟ್ಟುಕೊಂಡು ನಾನು ಭಾರತಿಗೆ ಪಾಠ ಹೇಳಲು ಕುಳಿತೆ. ಭಾರತಿ ತುಕ್ಕಾನಟ್ಟಿಯಲ್ಲಿರುವ ನನ್ನ ಅಣ್ಣನ ಮಗಳು. ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸಕ್ಕೆ ಅವಳಿಗೆ ಸಂದರ್ಶನವಿತ್ತು. ಹಿಂದೆ ಎರಡು ಕಡೆ ಇಂಗ್ಲಿಷಿನಲ್ಲೇ ಮುಗ್ಗರಿಸಿದ್ದಳು.

“ಇದೂ ತಪ್ಪಿತಂದ್ರ ನಾ ಇನ್ನ ಅರ್ಜಿ ಹಾಕಂಗಿಲ್ಲ ನೋಡ್ರಿ, ಕಾಕಾ.”

ನಾನು ಗತ್ತಿನಿಂದ ನಿಯಮ ಹೇಳಿದೆ: ಕೆಡುವುದಕ್ಕೆಲ್ಲ ಗೋ. ಹಾಲು ಕೆಟ್ಟರೂ ಗೋ, ತಲೆ ಕೆಟ್ಟರೂ ಗೋ.

“ಹಂಗಾರ ಜ್ವರಾ ಬಂದು ಜಡ್ಡ ಆದ್ರ?”

“ಅದಕ್ಕ ಗೆಟ್.”

“ಯಾಕ್ರಿ, ಜಡ್ಡ ಆಗೂದು ಚಲೋದೇನು?”

ನಾನು ಕನ್ನಡಕ ಒರೆಸತೊಡಗಿದೆ. ಉತ್ತರ ತಿಳಿಯದ ಹೊತ್ತಿಗೇ ಕನ್ನಡಕ ಕೊಳೆಯಾಗುವುದು ಮೇಷ್ಟ್ರುಗಳಿಗಿರುವ ದೊಡ್ಡ ಅನುಕೂಲ.

ಹಾಸ್ಟೆಲ್ ಎಂದ ಮೇಲೆ ಅಡುಗೆಮನೆಯ ಪ್ರಶ್ನೆ ಬಂದೇ ಬರುತ್ತದೆಂದು, ಅಕ್ಕಿ ತೀರಿತು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿಸಲು ಹೋದೆ. ಹುಡುಗಿ ಒಲ್ಲೆನೆಂದು ತಲೆಯಾಡಿಸಿದಳು. ನಮ್ಮ ಮನೆಗಳಲ್ಲಿ ಡಬ್ಬಿ ಬರಿದಾದರೆ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನುವುದೇ ರೂಢಿ. ಬಳೆ ಒಡೆದರೂ ಹೆಚ್ಚಾಯಿತು. ತೀರಿತು, ಒಡೆಯಿತು ಎಂಬ ಅಶುಭವನ್ನು ಯಾರೂ ಬಾಯಿಗೆ ತರುವುದಿಲ್ಲ.

“ಇಂಗ್ಲಿಷ್‌ನ್ಯಾಗ ಅಂದ್ರ ಏನೂ ಆಗಂಗಿಲ್ಲ ಬಿಡವಾ” ಎಂದು ಧೈರ್ಯ ಹೇಳಿದೆ.

“ತಾಯಿ ಅನ್ನಪೂರ್ಣಿಗೆ ಎಲ್ಲಾ ಭಾಷಾ ಬರ್ತಾವ್ರಿ” ಎಂದಳು. ಈ ಸಲವೂ ಕೆಲಸ ಕೈತಪ್ಪಿತೆಂದು ನನಗೆ ನಿಜಕ್ಕೂ ಸಂಕಟವಾಯಿತು.

ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಅಕ್ಕಿ ಖಾಲಿಯಾದರೆ ಏನು ಮಾಡುತ್ತೀರಿ? ಅಕ್ಕಿ ಹೆಚ್ಚಾದ ಕೂಡಲೇ ಪೇಟೆಗೆ ಹೋಗಿ ತರುತ್ತೇನೆ ಎಂದು ಭಾರತಿ ಶುದ್ಧ ಇಂಗ್ಲಿಷಿನಲ್ಲಿ ಉತ್ತರಿಸಿದಳಂತೆ. ಹೆಚ್ಚಾದ ಮೇಲೆ ಮತ್ತೇಕೆ ತರುವುದೆಂದು ಪರ ಊರಿನ ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಹುಕ್ಕೇರಿ ಕಡೆಯ ಹಿರಿಯ ಅಧ್ಯಾಪಕಿ ನಗು ತಡೆದುಕೊಂಡು ಕನ್ನಡದಲ್ಲೇ ಕೇಳಿದರು.

“ಯಾಕವಾ, ಖಾಲಿ ಆತು ಅನ್ನಾಕ ಇಂಗ್ಲಿಷ್ ಬರೂದಿಲ್ಲೇನು?”

“ಬರ್ತೈತ್ರಿ. ಆದ್ರ ಹುಡುಗ್ಯಾರು ಉಣ್ಣೂ ಜಾಗಾದಾಗ ಆ ಮಾತು ನಾ ಆಡಂಗಿಲ್ರಿ.”

ಕೆಲಸ ಅವಳದಾಯಿತು. ನನ್ನ ವ್ಯಾಕರಣಕ್ಕೆ ಇದರಲ್ಲಿ ಪಾಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು, ಸಂತೋಷ ಅದಕ್ಕಿಂತ ಜಾಸ್ತಿ ಆಯಿತು.

ಮೊನ್ನೆ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಆ ಕಡೆಯಿಂದ ಹಾಸ್ಟೆಲ್ಲಿನ ಹುಡುಗಿಯೊಬ್ಬಳು, “ಮ್ಯಾಡಮ್, ರೈಸ್ ಹ್ಯಾಸ್ ಇನ್‌ಕ್ರೀಸ್ಡ್!” ಎಂದು ಕೂಗಿದಳು. ತಿದ್ದಬೇಕೆಂದು ಬಾಯಿ ತೆರೆದೆ. ಆಮೇಲೆ, “ಹೋಗವಾ, ಲಗೂನ ತರಿಸು, ಹುಡುಗ್ಯಾರು ಹಸದಿರ್ತಾರ” ಎಂದು ಫೋನ್ ಇಟ್ಟೆ.